ಕಡಲ ದಂಡೆಯ ಲೆಕ್ಕಪುಸ್ತಕ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಯಕ್ಷಗಾನಕ್ಕೂ ಊಟಕ್ಕೂ ನಡುವೆ ಒಂದು ಭಾಷಣವಿರಲಿ, ಅದೂ ವಿಜ್ಞಾನದ ವಿಷಯವಾಗಿರಲಿ ಎಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ತುಸು ಹಿಂಜರಿದೆವು. ನಾವು ಬಿ.ಕಾಂ. ಓದಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತವರು. ಜಮೆ, ಖರ್ಚು, ಶಿಲ್ಕು, ಇವು ಮೂರೇ ನಮಗೆ ತಿಳಿದ ಶಾಸ್ತ್ರ. ಆದರೆ ಈಚೆಗೆ ಒಂದು ಸಂಗತಿಯನ್ನು ಓದಿದಾಗ ಕಡಲ ದಂಡೆಗೂ ಇದೇ ಶಾಸ್ತ್ರ ಸಲ್ಲುತ್ತದೆಂದು ತಿಳಿದು ಆಶ್ಚರ್ಯವಾಯಿತು. ಆ ಲೆಕ್ಕವನ್ನು ಬರೆಯಲು ನೀರಿನಲ್ಲಿಯೂ ನೆಲದಲ್ಲಿಯೂ ನಡೆಯಬಲ್ಲ ಯಂತ್ರಗಳು ಬಂದಿವೆ. ಅವುಗಳ ವಿಷಯವನ್ನೇ ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ನಿಂತಿದ್ದೇವೆ.

ಮೊದಲು ಒಂದು ಗೋಡೆಯ ಕಥೆಯನ್ನು ಹೇಳಬೇಕು. ನಮ್ಮ ಸೋದರಮಾವನವರ ಮನೆ ಮಂಗಳೂರಿನ ಕಡೆಯ ಒಂದು ಕಡಲ ದಂಡೆಯಲ್ಲಿತ್ತು. ಎದುರಿಗೆ ತುಳಸಿಕಟ್ಟೆ, ಅದರಾಚೆ ತೆಂಗಿನ ಸಾಲು, ಅದರಾಚೆ ಹೊಯಿಗೆ, ಆಮೇಲೆ ಕಡಲು. ಮಾವನವರು ವರ್ಷಕ್ಕೆ ಎರಡು ಸಲ, ನವರಾತ್ರಿಯಲ್ಲೊಮ್ಮೆ, ಶಿವರಾತ್ರಿಯಲ್ಲೊಮ್ಮೆ, ತುಳಸಿಕಟ್ಟೆಯಿಂದ ನೀರಿನ ಅಂಚಿನವರೆಗೆ ಹೆಜ್ಜೆ ಎಣಿಸಿಕೊಂಡು ಹೋಗಿ ಬಂದು, ಚಾವಡಿಯ ಗೋಡೆಯ ಮೇಲೆ ಇದ್ದಿಲಿನಿಂದ ಅಂಕಿ ಬರೆಯುತ್ತಿದ್ದರು. ಎಡಗಡೆ ನವರಾತ್ರಿಯ ಅಂಕಿ, ಬಲಗಡೆ ಶಿವರಾತ್ರಿಯ ಅಂಕಿ. ನಾವು ಏಳನೆಯ ತರಗತಿಯಲ್ಲಿದ್ದಾಗ ಬೇಸಗೆಯ ರಜೆಗೆ ಹೋಗಿ, ಆಟಕ್ಕೆಂದು ಅದನ್ನು ಒಂದು ಹಾಳೆಗೆ ನಕಲು ಮಾಡಿಕೊಂಡೆವು. ಒಂದು ವರ್ಷ ನವರಾತ್ರಿಗೆ ೯೬, ಶಿವರಾತ್ರಿಗೆ ೧೪೦. ಮರುವರ್ಷ ೮೮, ೧೩೪. ಹೀಗೆ ಸಾಗುತ್ತದೆ ಆ ಹಾಳೆ.

ಇದರಲ್ಲಿ ಎರಡು ಮಾತು ಅಡಗಿವೆ. ಮಳೆಗಾಲ ಮುಗಿದಾಗ ದಂಡೆ ಕಿರಿದಾಗಿರುತ್ತದೆ, ಬೇಸಗೆ ಬರುವ ಹೊತ್ತಿಗೆ ಪುನಃ ಅಗಲವಾಗುತ್ತದೆ. ಇದು ಮೊದಲನೆಯದು. ಬೇಸಗೆಯ ಅಂಕಿಯನ್ನೇ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಿದರೆ ಅದೂ ಇಳಿಯುತ್ತಿದೆ. ಇದು ಎರಡನೆಯದು. ಮೊದಲನೆಯದು ಕಡಲಿನ ಸ್ವಭಾವ. ಎರಡನೆಯದು ನಷ್ಟ. ಮಾವನವರಿಗೆ ಎರಡರ ವ್ಯತ್ಯಾಸವೂ ಚೆನ್ನಾಗಿ ತಿಳಿದಿತ್ತು.

ಒಂದು ವರ್ಷ ಮನೆಯಲ್ಲಿ ಮದುವೆ. ಗೋಡೆಗೆ ಸುಣ್ಣ ಬಳಿದರು. ಲೆಕ್ಕ ಅಳಿಸಿಹೋಯಿತು. ಕೆಲವು ವರ್ಷಗಳ ಮೇಲೆ ಆಟಿ ತಿಂಗಳಿನ ಒಂದು ರಾತ್ರಿ ತೆಂಗಿನ ಕೊನೆಯ ಸಾಲೂ ಉರುಳಿದಾಗ, ಪರಿಹಾರ ಕೇಳಲು ಒಂದು ಕಚೇರಿಗೆ ಹೋದೆವು. ಅಲ್ಲಿಯ ಅಧಿಕಾರಿಗಳು, "ದಂಡೆ ಎಷ್ಟಿತ್ತು, ಎಷ್ಟು ಹೋಯಿತು, ದಾಖಲೆ ಇದೆಯೆ?" ಎಂದರು. ನಾವು ಮುಂಬಯಿಯ ಟ್ರಂಕಿನಿಂದ ತೆಗೆದುಕೊಂಡು ಹೋಗಿದ್ದ ಆ ಹಾಳೆಯನ್ನು ಮುಂದಿಟ್ಟೆವು. ಅವರು ನೋಡಿ, ನಕ್ಕು, "ಇದು ಹುಡುಗರ ಬರಹ" ಎಂದು ಹಿಂದಕ್ಕೆ ಕೊಟ್ಟರು. ಆ ದಿನ ನಮಗೆ ಸಿಟ್ಟು ಬಂದುದು ನಿಜ. ಈಗ ಯೋಚಿಸಿದರೆ ಅವರ ಮಾತಿನಲ್ಲಿ ಸ್ವಲ್ಪ ಹುರುಳಿತ್ತು ಎನ್ನಿಸುತ್ತದೆ. ನಲವತ್ತರ ಪ್ರಾಯದ ಹೆಜ್ಜೆಯೂ ಅರುವತ್ತರ ಪ್ರಾಯದ ಹೆಜ್ಜೆಯೂ ಒಂದೇ ಅಳತೆಯಲ್ಲ. ಭರತದ ಹೊತ್ತಿನಲ್ಲಿ ಎಣಿಸಿದ್ದೊ, ಇಳಿತದ ಹೊತ್ತಿನಲ್ಲಿ ಎಣಿಸಿದ್ದೊ, ಅದೂ ಬರೆದಿರಲಿಲ್ಲ. ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಇತ್ತು: ಹುಡುಗರ ಲೆಕ್ಕ ಸಲ್ಲದೆಂದಾದರೆ ದೊಡ್ಡವರ ಲೆಕ್ಕ ಎಲ್ಲಿದೆ? ಅದು ಅವರಲ್ಲಿಯೂ ಇರಲಿಲ್ಲ.

ಇನ್ನು ವಿಷಯಕ್ಕೆ ಬರೋಣ. ದಂಡೆಯೆಂದರೆ ನಾವು ಚಾಪೆ ಹಾಸಿ ಕುಳಿತು ಕಡಲೆಕಾಯಿ ತಿನ್ನುವ ಒಣ ಹೊಯಿಗೆ ಮಾತ್ರವೇ ಎಂದು ಬಹುಮಂದಿ ತಿಳಿದಿರುತ್ತಾರೆ. ಹಾಗಲ್ಲ. ಅದು ಕೈಯಲ್ಲಿರುವ ಚಿಲ್ಲರೆ. ಮೂಲಧನವಿರುವುದು ನೀರಿನ ಅಡಿಯಲ್ಲಿ. ಮಳೆಗಾಲದ ಹಿರಿಯ ತೆರೆಗಳು ದಂಡೆಯ ಹೊಯಿಗೆಯನ್ನು ಕೆರೆದು ಸ್ವಲ್ಪ ದೂರ ಒಯ್ದು, ನೀರಿನೊಳಗೆ ಉದ್ದನೆಯ ದಿಬ್ಬವಾಗಿ ಇಡುತ್ತವೆ. ಮಳೆ ನಿಂತ ಮೇಲೆ ಬರುವ ಸಣ್ಣ, ಮೆದು ತೆರೆಗಳು ಅದೇ ಹೊಯಿಗೆಯನ್ನು ಸ್ವಲ್ಪಸ್ವಲ್ಪವಾಗಿ ದಡಕ್ಕೆ ತಂದು ಜಮೆ ಮಾಡುತ್ತವೆ. ಇದರ ಜೊತೆಗೆ ತೆರೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಹೊಯಿಗೆ ಒಂದೂರಿನಿಂದ ಇನ್ನೊಂದೂರಿಗೆ ದಡದುದ್ದಕ್ಕೂ ಸರಿಯುತ್ತಿರುತ್ತದೆ. ನದಿಗಳು ಅಳಿವೆಯ ಬಾಗಿಲಿನಲ್ಲಿ ಹೊಸ ಹೊಯಿಗೆಯನ್ನು ತಂದು ಕೊಡುತ್ತವೆ. ಅಣೆಕಟ್ಟು ಕಟ್ಟಿದರೆ, ನದಿಯಿಂದ ಮರಳು ತೆಗೆದರೆ, ಆ ಜಮೆ ಕಡಿಮೆಯಾಗುತ್ತದೆ. ಅಳಿವೆಯಲ್ಲಿ ಉದ್ದನೆಯ ಕಲ್ಲಿನ ಕಟ್ಟೆ ಚಾಚಿದರೆ ಒಂದು ಮಗ್ಗುಲಲ್ಲಿ ಹೊಯಿಗೆ ತುಂಬಿ ಇನ್ನೊಂದು ಮಗ್ಗುಲು ಬರಿದಾಗುತ್ತದೆ. ಎಂಜಿನಿಯರರು ಇದನ್ನು ಹೊಯಿಗೆಯ ಆಯವ್ಯಯ ಎಂದೇ ಕರೆಯುತ್ತಾರೆ. ನಮ್ಮಂಥ ಗುಮಾಸ್ತರಿಗೆ ಇದಕ್ಕಿಂತ ಪ್ರಿಯವಾದ ಹೆಸರು ಬೇರೆ ಬೇಕೆ?

ಹಾಗಾದರೆ ಲೆಕ್ಕ ಬರೆಯುವುದರಲ್ಲಿ ತೊಡಕೇನು? ತೊಡಕು ತೆರೆ ಒಡೆಯುವ ಜಾಗದಲ್ಲಿದೆ. ಒಣ ದಂಡೆಯನ್ನು ಮನುಷ್ಯನು ನಡೆದು ಅಳೆಯಬಲ್ಲನು. ಆಳವಾದ ಕಡಲನ್ನು ದೋಣಿಯಿಂದ ಅಳೆಯಬಹುದು. ಹಿಂದಿನ ಕಾಲದಲ್ಲಿ ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ಗುಂಡಿನ ಬುಡಕ್ಕೆ ಕೊಬ್ಬು ಮೆತ್ತಿದರೆ ತಳದ ಹೊಯಿಗೆಯೊ ಕೆಸರೊ ಅಂಟಿಕೊಂಡು ಮೇಲೆ ಬರುತ್ತಿತ್ತು. ಈಗ ಶಬ್ದವನ್ನು ಕೆಳಕ್ಕೆ ಬಿಟ್ಟು, ಮಾರ್ದನಿ ಬರುವ ಹೊತ್ತನ್ನು ಅಳೆದು ಆಳವನ್ನು ಕಂಡುಹಿಡಿಯುತ್ತಾರೆ. ಆದರೆ ಇವೆರಡರ ನಡುವೆ, ಎದೆಮಟ್ಟದ ನೀರಿನಿಂದ ಹಿಡಿದು ದೋಣಿ ಸುರಕ್ಷಿತವಾಗಿ ನಿಲ್ಲುವವರೆಗೆ, ಒಂದು ಬಿಳಿನೊರೆಯ ಪಟ್ಟಿಯಿದೆ. ಅಲ್ಲಿ ನಡೆದುಹೋದವನನ್ನು ತೆರೆ ಕೆಡಹುತ್ತದೆ, ದೋಣಿಯನ್ನು ಮಗುಚುತ್ತದೆ. ನೀರಿನಲ್ಲಿ ತುಂಬಿದ ಗಾಳಿಯ ಗುಳ್ಳೆಗಳಿಂದ ಶಬ್ದ ಚೆದರಿ ಮಾರ್ದನಿ ಕೆಡುತ್ತದೆ. ವಿಮಾನದಿಂದ ಹಸಿರು ಬೆಳಕಿನ ಲೇಸರ್ ಕಿರಣವನ್ನು ಬಿಟ್ಟು ತಳವನ್ನು ನೋಡುವ ಉಪಾಯವೂ ಉಂಟು. ಆದರೆ ನೀರು ತಿಳಿಯಾಗಿರಬೇಕು. ಕೆಂಪು ನೀರು ಹರಿದು ಬರುವ ನಮ್ಮ ಅಳಿವೆಗಳ ಎದುರಿನಲ್ಲಿ ಅದರ ಆಟ ನಡೆಯದು. ದಂಡೆಯ ಹೊಯಿಗೆ ಅತಿ ಹೆಚ್ಚು ಓಡಾಡುವುದು ಇದೇ ಪಟ್ಟಿಯಲ್ಲಿ. ಅಂದರೆ, ಅತಿ ಹೆಚ್ಚು ವ್ಯವಹಾರ ನಡೆಯುವ ಖಾತೆಯೇ ಪುಸ್ತಕದಲ್ಲಿ ಖಾಲಿ!

ಈ ಖಾಲಿ ಪುಟದ ಬೆಲೆ ಎಷ್ಟೆಂಬುದನ್ನು ಎರಡನೆಯ ಮಹಾಯುದ್ಧ ಜಗತ್ತಿಗೆ ತೋರಿಸಿತು. ೧೯೪೩ರ ನವೆಂಬರ್ ೨೦ರಂದು ಪೆಸಿಫಿಕ್ ಸಾಗರದ ತರಾವಾ ಎಂಬಲ್ಲಿ ಅಮೆರಿಕದ ಸೈನಿಕರು ಇಳಿದಾಗ, ಹವಳದ ದಿಬ್ಬದ ಮೇಲೆ ನೀರು ಎಣಿಸಿದಷ್ಟು ಇರಲಿಲ್ಲ. ದೋಣಿಗಳು ಸಿಕ್ಕಿಕೊಂಡವು. ಸೈನಿಕರು ನೂರಾರು ಗಜ ದೂರ ನೀರಿನಲ್ಲಿ ನಡೆಯುತ್ತ ಗುಂಡಿಗೆ ಎದೆಯೊಡ್ಡಬೇಕಾಯಿತು. ಆ ಯುದ್ಧದಲ್ಲಿ ಸಾವಿರಕ್ಕೆ ಮೇಲ್ಪಟ್ಟು ಅಮೆರಿಕನರು ಸತ್ತರು. ಅದೇ ವರ್ಷದ ಡಿಸೆಂಬರ್ ೩೧ರ ರಾತ್ರಿ ಸ್ಕಾಟ್-ಬೌಡನ್, ಆಗ್ಡನ್-ಸ್ಮಿತ್ ಎಂಬ ಇಬ್ಬರು ಬ್ರಿಟಿಷ್ ಯೋಧರು ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಕತ್ತಲಲ್ಲಿ ಈಜಿಹೋಗಿ, ಶತ್ರುವಿನ ಕಾವಲಿನ ಕೆಳಗೇ ತೆವಳಿ, ಹೊಯಿಗೆಯ ಮಾದರಿಗಳನ್ನು ಕೊರೆದು ತಂದರು. ಹೊಯಿಗೆಯ ಅಡಿಯಲ್ಲಿ ಮೆತ್ತನೆಯ ಮಣ್ಣಿದ್ದರೆ ಟ್ಯಾಂಕುಗಳು ಹೂತುಹೋದಾವು ಎಂಬ ಭಯ. ೧೯೪೪ರ ಜೂನ್ ೬ರಂದು ಅಲ್ಲಿ ಸೇನೆ ಇಳಿಯಿತು. ಹಿಡಿ ಹೊಯಿಗೆಗಾಗಿ ಇಬ್ಬರು ಪ್ರಾಣವನ್ನು ಪಣವಿಟ್ಟರು. ಇಂಥ ಕೆಲಸಕ್ಕೆ ಮನುಷ್ಯನ ಬದಲು ಯಂತ್ರವನ್ನು ಕಳುಹಿಸಬಾರದೆ ಎಂಬ ಯೋಚನೆ ಹುಟ್ಟಿದ್ದು ಸಹಜವೇ ಸರಿ.

ಯುದ್ಧದ ಮಾತು ಸಾಕು. ಶಾಂತಿಯ ಕೆಲಸಕ್ಕೆ ಬಂದ ಮೊದಲ ಯಂತ್ರಗಳಲ್ಲಿ ಒಂದು ಬಹಳ ವಿನೋದವಾದದ್ದು. ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಡಕ್ ಎಂಬ ಊರಿದೆ. ಡಕ್ ಎಂದರೆ ಬಾತುಕೋಳಿ. ಅಲ್ಲಿ ಸೇನೆಯ ಎಂಜಿನಿಯರಿಂಗ್ ವಿಭಾಗದ ಒಂದು ಕರಾವಳಿ ಸಂಶೋಧನಾ ಕೇಂದ್ರವಿದೆ. ಅಲ್ಲಿಯ ವಾಹನದ ಹೆಸರು ಕ್ರ್ಯಾಬ್, ಅಂದರೆ ಏಡಿ. ಮೂರು ಕಾಲಿನ ಒಂದು ಉಕ್ಕಿನ ಗೋಪುರ. ಎತ್ತರ ಸುಮಾರು ೧೦.೭ ಮೀಟರ್, ನಮ್ಮ ಚಾಳಿನ ಮೂರು ಮಾಳಿಗೆಯಷ್ಟು. ಪ್ರತಿಯೊಂದು ಕಾಲಿನ ಬುಡಕ್ಕೂ ಒಂದು ಚಕ್ರ. ತುದಿಯಲ್ಲಿ ಒಂದು ಅಟ್ಟಣೆ, ಅದರ ಮೇಲೆ ಚಾಲಕ. ಅದು ಹೊಯಿಗೆಯಿಂದ ಇಳಿದು ತೆರೆಗಳ ನಡುವೆ ಸುಮಾರು ೯ ಮೀಟರ್ ಆಳದವರೆಗೆ ನಡೆದುಹೋಗುತ್ತದೆ. ವೇಗವೋ, ಗಂಟೆಗೆ ಮೂರು ಕಿಲೋಮೀಟರಿನ ಆಸುಪಾಸು, ದೇವರ ಉತ್ಸವದ ತೇರಿನ ನಡಿಗೆ. ಚಕ್ರಗಳು ತಳವನ್ನು ಮುಟ್ಟಿಕೊಂಡೇ ಇರುತ್ತವೆ. ತುದಿ ನೀರಿನ ಮೇಲಿರುತ್ತದೆ. ತುದಿಯ ಎತ್ತರವನ್ನು ದಡದಿಂದ ಅಳೆದು ಗೋಪುರದ ಉದ್ದವನ್ನು ಕಳೆದರೆ ತಳದ ಮಟ್ಟ ಸಿಕ್ಕಿತು. ಮೂರನೆಯ ತರಗತಿಯ ವ್ಯವಕಲನ! ಆದರೆ ಅಂಥ ಸುಲಭದ ಲೆಕ್ಕದಿಂದಲೇ ೧೯೮೦ರ ದಶಕದಿಂದ ಆ ದಂಡೆಯ ಹೊಯಿಗೆ ಚಂಡಮಾರುತಕ್ಕೆ ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತು, ಎಂದು ಮರಳಿತು ಎಂಬುದರ ವಿವರವಾದ ದಾಖಲೆ ಬೆಳೆದು ಬಂದಿತು.

ಅದರಲ್ಲಿ ಮನುಷ್ಯನು ಕುಳಿತಿರಬೇಕಾಗಿತ್ತು. ಈಗ ಬಂದಿರುವ ಯಂತ್ರಗಳಲ್ಲಿ ಆ ಅಗತ್ಯವೂ ಇಲ್ಲ. ಇವನ್ನು ಉಭಯಚರ ರೋಬೋಟುಗಳೆನ್ನುತ್ತಾರೆ. ರೋಬೋಟ್ ಎಂದೊಡನೆ ಮಕ್ಕಳು ಕೈಕಾಲುಗಳುಳ್ಳ ಯಂತ್ರಮಾನವನನ್ನು ಎಣಿಸಿಕೊಳ್ಳಬೇಡಿ. ಇವು ಹೆಚ್ಚಾಗಿ ಆಮೆಯನ್ನು ಹೋಲುತ್ತವೆ. ತಗ್ಗಾದ, ತೂಕವಾದ ಮೈ. ಟ್ಯಾಂಕಿಗಿರುವಂಥ ಪಟ್ಟಿಯ ಚಕ್ರಗಳು. ಒಳಗೆ ನೀರು ನುಗ್ಗದ ಡಬ್ಬಿಯಲ್ಲಿ ಬ್ಯಾಟರಿ. ಬೆನ್ನ ಮೇಲೆ ಎತ್ತರವಾದ ಒಂದು ಕೋಲು. ಅಮೆರಿಕದಲ್ಲಿ ಬಯೊನೆಟ್ ಎಂಬ ಹೆಸರಿನಲ್ಲಿ ಇಂಥವು ತಯಾರಾಗುತ್ತವೆ. ಏಡಿಯನ್ನೇ ಅನುಕರಿಸಿದವೂ ಉಂಟು. ೧೯೯೦ರ ದಶಕದಲ್ಲಿ ಮಾಡಿದ ಏರಿಯಲ್ ಎಂಬುದು ಆರು ಕಾಲಿನದು. ತೆರೆ ಅದನ್ನು ಮಗುಚಿ ಹಾಕಿದರೆ ಅಂಗಾತ ಬಿದ್ದಲ್ಲಿಂದಲೇ ಕಾಲನ್ನು ತಿರುಗಿಸಿಕೊಂಡು ನಡೆಯುತ್ತಿತ್ತು. ದಕ್ಷಿಣ ಕೊರಿಯದವರು ೨೦೧೩ರಲ್ಲಿ ಕ್ರ್ಯಾಬ್‌ಸ್ಟರ್ ಎಂಬ ಆರು ಕಾಲಿನ ದೊಡ್ಡ ಯಂತ್ರವನ್ನು ತೋರಿಸಿದರು. ಅವರ ಪಶ್ಚಿಮದ ಕಡಲಿನಲ್ಲಿ ಭರತ ಇಳಿತಗಳ ಸೆಳೆತ ಬಹಳ, ನೀರು ಬಹಳ ಕದಡಿದ್ದು. ಈಜುವ ಯಂತ್ರವನ್ನು ಸೆಳೆತ ಕೊಚ್ಚಿಕೊಂಡು ಹೋಗುವಲ್ಲಿ ನೆಲ ಕಚ್ಚಿ ನಿಲ್ಲುವ ಏಡಿಯೇ ಮೇಲೆಂದು ಅವರ ಎಣಿಕೆ.

ಬೆನ್ನ ಮೇಲಿನ ಕೋಲೇಕೆ ಎಂದು ಕೇಳಬಹುದು. ಗುಟ್ಟು ಅಲ್ಲಿಯೇ ಇದೆ. ನಮ್ಮ ಮೊಬೈಲಿನಲ್ಲಿ ದಾರಿ ತೋರಿಸುವ ಉಪಗ್ರಹಗಳು ಸುಮಾರು ೨೦,೦೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅವುಗಳ ರೇಡಿಯೊ ಅಲೆ ಉಪ್ಪುನೀರಿನೊಳಕ್ಕೆ ಇಳಿಯುವುದಿಲ್ಲ. ಆದುದರಿಂದ ಯಂತ್ರ ಮುಳುಗಿದರೂ ಅದರ ಕೋಲಿನ ತುದಿ ಮೇಲಿರಬೇಕು. ಮೊಬೈಲು ತೋರಿಸುವ ಜಾಗದಲ್ಲಿ ಕೆಲವು ಮೀಟರುಗಳ ತಪ್ಪಿರುತ್ತದೆ. ಅದು ಅಂಗಡಿ ಹುಡುಕಲು ಸಾಕು, ಹೊಯಿಗೆಯ ಲೆಕ್ಕಕ್ಕೆ ಸಾಲದು. ಅದಕ್ಕಾಗಿ ದಡದ ಮೇಲೆ, ಮೊದಲೇ ನಿಖರವಾಗಿ ಗೊತ್ತಿರುವ ಒಂದು ಗುರುತಿನ ಕಲ್ಲಿನ ಮೇಲೆ ಇನ್ನೊಂದು ಯಂತ್ರವನ್ನಿಡುತ್ತಾರೆ. ಕಲ್ಲು ಎಲ್ಲಿದೆಯೆಂಬುದು ಗೊತ್ತು. ಉಪಗ್ರಹ ಅದನ್ನು ಎಲ್ಲಿದೆಯೆಂದು ಹೇಳುತ್ತದೆಂಬುದೂ ಗೊತ್ತು. ಎರಡರ ವ್ಯತ್ಯಾಸವೇ ಆ ಕ್ಷಣದ ತಪ್ಪು. ಆ ತಪ್ಪನ್ನು ರೇಡಿಯೊ ಮೂಲಕ ನೀರಿನಲ್ಲಿರುವ ಯಂತ್ರಕ್ಕೆ ತಿಳಿಸಿದರೆ ಅದು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಹೀಗೆ ತಪ್ಪು ಕೆಲವು ಸೆಂಟಿಮೀಟರಿಗೆ ಇಳಿಯುತ್ತದೆ. ತಳದ ಇಳಿಜಾರಿನಲ್ಲಿ ಕೋಲು ಓರೆಯಾದರೆ ಎಷ್ಟು ಓರೆಯಾಯಿತೆಂದು ಅಳೆದು ಅದನ್ನೂ ಕಳೆಯುವ ಉಪಕರಣ ಒಳಗಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರತಿದಿನ ಸಂಜೆ ತಿಜೋರಿಯ ನಗದಿನೊಡನೆ ಪುಸ್ತಕವನ್ನು ತಾಳೆ ನೋಡಿದಂತೆ. ನಮ್ಮ ಮಾವನವರ ಲೆಕ್ಕದಲ್ಲಿ ಇಲ್ಲದಿದ್ದುದು ಈ ಗುರುತಿನ ಕಲ್ಲು ಒಂದೇ.

ಕೆಲವೇ ಸೆಂಟಿಮೀಟರುಗಳಿಗೆ ಇಷ್ಟೊಂದು ಗದ್ದಲವೇಕೆ ಎನ್ನುವಿರೋ? ಒಂದು ಲೆಕ್ಕ ಮಾಡೋಣ. ಒಂದು ಕಿಲೋಮೀಟರ್ ಉದ್ದದ ದಂಡೆ. ಒಣ ಹೊಯಿಗೆಯಿಂದ ನೀರಿನೊಳಗಿನ ದಿಬ್ಬದಾಚೆಗೆ ೫೦೦ ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಅಷ್ಟೂ ಜಾಗ ಬರಿಯ ೧೦ ಸೆಂಟಿಮೀಟರ್, ಒಂದು ಗೇಣಿನ ಅರ್ಧ, ತಗ್ಗಿದರೆ ೫೦,೦೦೦ ಘನ ಮೀಟರ್ ಹೊಯಿಗೆ ಹೋಯಿತು. ಲಾರಿಗೆ ಹತ್ತು ಘನ ಮೀಟರಿನಂತೆ ಐದು ಸಾವಿರ ಲಾರಿ. ದಡದಲ್ಲಿ ನಿಂತವನ ಕಣ್ಣಿಗೆ ಏನೂ ಕಾಣದು. ಮುಂದಿನ ಮಳೆಗಾಲದಲ್ಲಿ ತೆರೆ ಮನೆಯ ಮೆಟ್ಟಿಲಿಗೆ ಬಂದಾಗಲೇ ತಿಳಿಯುವುದು.

ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧ? ಇಂದು ರಾಜ್ಯೋತ್ಸವ. ೧೯೫೬ರ ನವೆಂಬರ್ ೧ಕ್ಕೆ ಮೊದಲು ನಮ್ಮ ಕರಾವಳಿ ಒಂದಾಗಿರಲಿಲ್ಲ. ಕಾರವಾರ, ಕುಮಟೆಗಳು ಮುಂಬಯಿ ರಾಜ್ಯದಲ್ಲಿ, ಉಡುಪಿ, ಮಂಗಳೂರುಗಳು ಮದರಾಸು ರಾಜ್ಯದಲ್ಲಿ ಇದ್ದವು. ಆ ದಿನ ಎರಡೂ ಸೇರಿ, ೩೦೦ ಕಿಲೋಮೀಟರಿಗಿಂತ ತುಸು ಹೆಚ್ಚಿನ ಒಂದೇ ದಂಡೆ ಕನ್ನಡನಾಡಿಗೆ ಬಂದಿತು. ಆ ಆಸ್ತಿಯ ಇಂದಿನ ಸ್ಥಿತಿಯೇನು? ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ೧೯೯೦ರಿಂದ ೨೦೧೮ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ಭಾರತದ ಮುಖ್ಯಭೂಮಿಯ ತೀರದಲ್ಲಿ ನೂರಕ್ಕೆ ೩೩.೬ ಪಾಲು ಕೊರೆದುಹೋಗುತ್ತಿದೆಯೆಂದು ಕಂಡುಕೊಂಡರು. ಕರ್ನಾಟಕದಲ್ಲಿ ಅದು ಹತ್ತಿರಹತ್ತಿರ ಕಾಲು ಪಾಲು. ಇದು ಬೆಲೆಯುಳ್ಳ ಕೆಲಸ. ಆದರೆ ಆಕಾಶದಿಂದ ತೆಗೆದ ಇಂಥ ಚಿತ್ರದಲ್ಲಿ ನೀರಿನ ಅಂಚು ಮಾತ್ರ ತಿಳಿಯುತ್ತದೆ. ನೀರಿನ ಅಡಿಯ ಮೂಲಧನ ತಿಳಿಯುವುದಿಲ್ಲ. ಉಳ್ಳಾಲದ ಕಡಲ್ಕೊರೆತವನ್ನು ತಾವೆಲ್ಲ ಕೇಳಿಬಲ್ಲಿರಿ. ನೇತ್ರಾವತಿ–ಗುರುಪುರ ನದಿಗಳ ಅಳಿವೆಯಲ್ಲಿ ೧೯೯೦ರ ದಶಕದಲ್ಲಿ ಅಲೆತಡೆ ಕಟ್ಟೆಗಳಾದ ಮೇಲೆ ಅದು ಹೆಚ್ಚಿತೆಂಬ ಮಾತು ಬಹಳ ಕಾಲದಿಂದ ಇದೆ. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಅಲ್ಲಿ ಕಡಲೊಳಗೆ ತಡೆದಿಬ್ಬಗಳನ್ನೂ ಕಟ್ಟಿದರು. ಇಂಥ ಕಾಮಗಾರಿಗಳಿಂದ ಹೊಯಿಗೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಹೇಳಲು ಮಳೆಗಾಲದ ಮೊದಲೂ ಆಮೇಲೂ, ವರ್ಷ ವರ್ಷವೂ, ಅದೇ ಗೆರೆಯ ಮೇಲೆ ಅಳತೆಯಾಗಬೇಕು. ಅಳತೆಯಿಲ್ಲದೆ ಲಾರಿಗಟ್ಟಲೆ ಬಂಡೆಗಲ್ಲು ಸುರಿಯುವುದು, ಪಾಸ್‌ಬುಕ್ ನೋಡದೆ ಚೆಕ್ ಬರೆದಂತೆ. ಒಂದೂರಿನ ಗೋಡೆ ಪಕ್ಕದೂರಿನ ಹೊಯಿಗೆಯನ್ನು ತಿಂದರೂ ತಿಂದೀತು.

ಹಾಗೆಂದು ಯಂತ್ರವನ್ನೇ ದೇವರೆಂದು ಪೂಜಿಸಬೇಕಾಗಿಲ್ಲ. ಅದರ ಮಿತಿಗಳೂ ಉಂಟು. ನಾವು ಇದನ್ನು ಕಣ್ಣಾರೆ ಕಂಡವರಲ್ಲ, ಓದಿ ತಿಳಿದವರು. ಆದರೂ ನಮ್ಮ ಕಡಲನ್ನು ಬಲ್ಲವರು ಇಷ್ಟನ್ನು ಊಹಿಸಬಹುದು. ಅಳಿವೆಯ ಮೆತ್ತನೆಯ ಕೆಸರಿನಲ್ಲಿ ಭಾರವಾದ ಯಂತ್ರ ಹೂತುಹೋದೀತು. ಬಲೆಯ ತುಂಡು ಚಕ್ರಕ್ಕೆ ಸುತ್ತಿಕೊಂಡೀತು. ಆಷಾಢದ ಕಡಲಿಗೆ ಅದನ್ನೂ ಇಳಿಸುವಂತಿಲ್ಲ. ಅದು ತೆವಳಿದ ಗೆರೆಯ ಮೇಲಿನ ಲೆಕ್ಕವನ್ನು ಮಾತ್ರ ಕೊಡುತ್ತದೆ. ಎರಡು ಗೆರೆಗಳ ನಡುವಿನದನ್ನು ಅಂದಾಜು ಮಾಡಬೇಕು. ಆಮೆಗಳು ಮೊಟ್ಟೆಯಿಡುವ ಹೊಯಿಗೆಯಲ್ಲಿ ಅದು ಎಚ್ಚರದಿಂದ ನಡೆಯಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿ ಅಳೆಯಬೇಕೆಂಬುದನ್ನು ಕೈರಂಪಣಿ ಎಳೆಯುವ ನಮ್ಮ ಮೀನುಗಾರರನ್ನು ಕೇಳಬೇಕು. ತಳದಲ್ಲಿ ಹೊಂಡವೆಲ್ಲಿ, ದಿಬ್ಬವೆಲ್ಲಿ, ಸೆಳೆತವೆಲ್ಲಿ ಎಂಬುದು ಅವರ ಪಾದಕ್ಕೆ ತಿಳಿದಿದೆ. ಪಾದಕ್ಕೆ ತಿಳಿದದ್ದನ್ನು ಕಾಗದಕ್ಕೆ ಇಳಿಸುವುದಷ್ಟೆ ಯಂತ್ರದ ಕೆಲಸ. ಲೆಕ್ಕ ಬರೆಯುವ ಗುಮಾಸ್ತನು ಸಾಲ ಮಂಜೂರು ಮಾಡುವುದಿಲ್ಲ. ಆದರೆ ಲೆಕ್ಕವಿಲ್ಲದೆ ಮಂಜೂರು ಮಾಡಿದ ಸಾಲ ಮುಳುಗುತ್ತದೆ.

ಯಂತ್ರ ನಮ್ಮೂರಿನ ದಂಡೆಗೆ ಎಂದು ಬರುವುದೊ, ಅದನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮಿಂದಾಗುವ ಒಂದು ಕೆಲಸವಿದೆ. ನಾವು ಮುಂಬಯಿಯ ಕನ್ನಡಿಗರೂ ಒಂದು ಬಗೆಯ ಉಭಯಚರಿಗಳೇ. ಸಂಬಳ ಇಲ್ಲಿ, ಬೇರು ಅಲ್ಲಿ. ಮೇ ತಿಂಗಳಲ್ಲೊಮ್ಮೆ, ನವರಾತ್ರಿಗೊ ದೀಪಾವಳಿಗೊ ಒಮ್ಮೆ, ಊರಿಗೆ ಹೋಗುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಕಡಲ ಬದಿಯಲ್ಲಿ ಮನೆಯುಳ್ಳವರು ದಯವಿಟ್ಟು ಹೀಗೆ ಮಾಡಿ. ಅಲುಗಾಡದ ಒಂದು ಗುರುತನ್ನು ಆರಿಸಿಕೊಳ್ಳಿ: ಬಾವಿಯ ಕಟ್ಟೆಯೊ, ಶಾಲೆಯ ಮೂಲೆಯೊ, ದೈವಸ್ಥಾನದ ಮೆಟ್ಟಿಲೊ ಆಗಬಹುದು. ಅಲ್ಲಿಂದ ಹುಲ್ಲು ಮುಗಿದು ಹೊಯಿಗೆ ಶುರುವಾಗುವ ಅಂಚಿನವರೆಗೆ, ಅಲ್ಲಿಂದ ನೀರಿನ ಅಂಚಿನವರೆಗೆ, ಹೆಜ್ಜೆಯಿಂದಲ್ಲ, ಟೇಪಿನಿಂದ ಅಳೆಯಿರಿ. ತಾರೀಕು, ಗಂಟೆ, ಭರತವೊ ಇಳಿತವೊ ಎಂಬುದನ್ನು ಬರೆಯಿರಿ. ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಒಂದು ಫೋಟೊ ತೆಗೆಯಿರಿ. ವರ್ಷಕ್ಕೆ ಎರಡೇ ಸಲ. ಅದನ್ನು ಗೋಡೆಯ ಮೇಲೆ ಬರೆಯಬೇಡಿ. ಗೋಡೆಗೆ ಸುಣ್ಣ ಬಳಿಯುತ್ತಾರೆ. ಸಂಘದ ವಾಚನಾಲಯದಲ್ಲಿ ಇದಕ್ಕಾಗಿ ಒಂದು ದಪ್ಪ ಪುಸ್ತಕವನ್ನಿಡಲು ಅಧ್ಯಕ್ಷರು ಒಪ್ಪಿದ್ದಾರೆ. ಮೊದಲ ಪುಟದಲ್ಲಿ ನಮ್ಮ ಆ ಹಳೆಯ ಹಾಳೆಯನ್ನು ಅಂಟಿಸುತ್ತೇವೆ. ಇದು ಯಂತ್ರದ ಅಳತೆಗೆ ಸಮನಲ್ಲ, ನಿಜ. ಆದರೆ ನಾಳೆ ಯಂತ್ರ ಬಂದಾಗ, "ಮೊದಲು ಹೇಗಿತ್ತು?" ಎಂದು ಕೇಳಿದರೆ ಕೊಡಲು ನಮ್ಮಲ್ಲಿ ಏನಾದರೂ ಇರಬೇಕಷ್ಟೆ.

ಕೊನೆಯದಾಗಿ ಒಂದು ಮಾತು. ನಮ್ಮ ಸೋದರಮಾವನವರು ಈಗ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಆ ತುಳಸಿಕಟ್ಟೆಯಿದ್ದ ಜಾಗದಲ್ಲಿ ಇಂದು ತೆರೆ ಒಡೆಯುತ್ತದೆ. ಅವರು ಇದೇ ಸಭೆಯ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅಂದು ಕಚೇರಿಯಿಂದ ಹಿಂದಿರುಗುವಾಗ ಅವರು ಸಿಟ್ಟಾಗಲಿಲ್ಲ. "ಲೆಕ್ಕ ತಪ್ಪಲ್ಲ ಮಗಾ, ಬರೆದಿಟ್ಟ ಜಾಗ ತಪ್ಪು" ಎಂದಷ್ಟೆ ಹೇಳಿದರು. ಮಾವಾ, ಈ ಸಲ ಪುಸ್ತಕದಲ್ಲಿಯೇ ಬರೆಯುತ್ತೇವೆ. ಮೊದಲ ಸಾಲನ್ನು ತಾವೇ ಬಂದು ಬರೆದುಕೊಡಬೇಕು.